ಮಾತೃ ಇಲಾಖೆಗೆ ಮರಳಲು ಕೋರಿ

ಇವರಿಗೆ,
ಸನ್ಮಾನ್ಯ ಶ್ರೀ ಟ್ರಾಜೊಡೋನ್ ಹೈಡ್ರೋಕ್ಲೋರೈಡ್ ಅವರು (50 ಮಿ.ಗ್ರಾಂ),
ಕ್ಯಾಂಪ್: ನನ್ನ ಮಂಚದ ಪಕ್ಕದ ಸ್ಟೂಲು.

ವಿಷಯ: ಖಿನ್ನತೆ ಇಲಾಖೆಯಲ್ಲಿ ನೇಮಕಗೊಂಡ ತಾವು ನಿದ್ರೆ ಇಲಾಖೆಯಲ್ಲಿ ಸಲ್ಲಿಸುತ್ತಿರುವ ಅಮೋಘ ಸೇವೆಗೆ ಕೃತಜ್ಞತೆ ಅರ್ಪಿಸುವ ಬಗ್ಗೆ ಹಾಗೂ ಇತರೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರನಾಗಿದ್ದು ವಯೋನಿವೃತ್ತಿ ಹೊಂದಿದವನು. ಪಹಣಿ, ಪೋಡಿ, ಖಾತೆ ಬದಲಾವಣೆ, ಬಗರ್‌ಹುಕುಂ ಅರ್ಜಿಗಳ ನಡುವೆ ಆಯುಷ್ಯ ತೇಯ್ದವನಿಗೆ ಸರ್ಕಾರ ಪಿಂಚಣಿಯನ್ನು ಮಂಜೂರು ಮಾಡಿತು. ನಿದ್ರೆಯನ್ನು ಮಾತ್ರ ಯಾರೋ ತಡೆಹಿಡಿದರು. ಕರ್ತವ್ಯದಲ್ಲಿದ್ದಾಗ ಮಧ್ಯಾಹ್ನ ಎರಡೂವರೆಗೆ ಕಡತದ ಮೇಲೆಯೇ ಕರೆಯದೆ ಬರುತ್ತಿದ್ದ ನಿದ್ರೆ, ನಿವೃತ್ತಿಯಾದ ಮೇಲೆ ಫ್ಯಾನು, ಸೊಳ್ಳೆಪರದೆ, ಹೊಸದಾಗಿ ಹೊಲಿಸಿದ ಹತ್ತಿ ಹಾಸಿಗೆ ಎಲ್ಲ ಸಿದ್ಧಮಾಡಿ ಕರೆದರೂ ರಾತ್ರಿ ಎರಡೂವರೆಗೂ ಬರಲೊಲ್ಲದಾಯಿತು. ಇಂಥ ಹೊತ್ತಿನಲ್ಲಿ ದಯೆತೋರಿ ಬಂದವರು ತಾವು. ಆ ಉಪಕಾರವನ್ನು ಹೇಗೆ ಮರೆಯಲಿ? ಮರೆಯೋಣವೆಂದರೂ ಬೆಳಿಗ್ಗೆ ಹನ್ನೊಂದರವರೆಗೆ ತಲೆಯೊಳಗೆ ತಾವೇ ಕೂತಿರುತ್ತೀರಿ.

ಮೊದಲಿಗೆ ತಮ್ಮ ಸೇವಾ ಪುಸ್ತಕ. ದೊಡ್ಡವರ ಸೇವಾ ಪುಸ್ತಕ ತೆರೆದು ನೋಡುವುದು ಅಧಿಕಪ್ರಸಂಗ, ಗೊತ್ತು. ಆದರೆ ಹಳೆಯ ಚಾಳಿ ಬಿಡುವುದಿಲ್ಲ. ತಾವು ಹುಟ್ಟಿದ್ದು ಇಟಲಿಯಲ್ಲಿ, 1960ರ ದಶಕದಲ್ಲಿ, ಆಂಜೆಲಿನಿ ಎಂಬ ಔಷಧ ಕಂಪನಿಯ ಪ್ರಯೋಗಾಲಯದಲ್ಲಿ. ಖಿನ್ನತೆಯೆಂದರೆ ಮನಸ್ಸಿಗೆ ಆಗುವ ನೋವು, ಮೈನೋವಿನ ಹಾಗೆ ಅದನ್ನೂ ತಣಿಸಬಹುದು ಎಂಬ ಉದಾತ್ತ ವಿಚಾರ ಇಟ್ಟುಕೊಂಡವರು ತಮ್ಮನ್ನು ರೂಪಿಸಿದರು. 1981ರಲ್ಲಿ ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ ತಮಗೆ ನೇಮಕಾತಿ ಆದೇಶ ಹೊರಡಿಸಿತು. ಹುದ್ದೆ: ಖಿನ್ನತೆ ನಿವಾರಣೆ. ದಿನಕ್ಕೆ 150 ಮಿಲಿಗ್ರಾಂನಿಂದ ಶುರು, ಮನೆಯಲ್ಲಿದ್ದು ಚಿಕಿತ್ಸೆ ಪಡೆಯುವವರಿಗೆ 400ರವರೆಗೆ. ಆ ಆದೇಶವನ್ನು ಮೇಲಿಂದ ಕೆಳಕ್ಕೆ ಓದಿ, ಕೆಳಗಿಂದ ಮೇಲಕ್ಕೆ ಓದಿ, ಚಿಕಿತ್ಸೆಯ ಕಾಲಮ್ಮಿನಲ್ಲಿ ನಿದ್ರಾಹೀನತೆ ಸಿಗುವುದಿಲ್ಲ. ತೂಕಡಿಕೆ ಸಿಗುತ್ತದೆ, ಅಡ್ಡ ಪರಿಣಾಮಗಳ ಕಾಲಮ್ಮಿನಲ್ಲಿ.

ಅಡ್ಡ ಪರಿಣಾಮವನ್ನೇ ಅರ್ಹತೆಯೆಂದು ತೋರಿಸಿ ಇನ್ನೊಂದು ಇಲಾಖೆಗೆ ಡೆಪ್ಯುಟೇಶನ್ ಗಿಟ್ಟಿಸಿದ ಅಧಿಕಾರಿಯನ್ನು ನನ್ನ ಇಡೀ ಸರ್ವೀಸಿನಲ್ಲಿ ನಾನು ಕಂಡಿಲ್ಲ. (ಜಿಲ್ಲಾಧಿಕಾರಿಗಳ ಮೀಟಿಂಗಿನಲ್ಲಿ ನಿದ್ದೆ ಹೊಡೆಯುವವರನ್ನು ಕಂಡಿದ್ದೇನೆ. ಅದಕ್ಕಾಗಿ ಅವರಿಗೆ ಬಡ್ತಿ ಸಿಕ್ಕಿದ್ದನ್ನು ಕಂಡಿಲ್ಲ.) ಆ ದೃಷ್ಟಿಯಿಂದ ತಾವು ನನಗೆ ಪೂಜ್ಯರು.

ತಮ್ಮ ವಿದ್ವತ್ತಿಗೂ ನಮಸ್ಕಾರ. ಮಿದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕವನ್ನು ನರಕೋಶಗಳು ಬೇಗನೆ ಹೀರಿಕೊಂಡುಬಿಡದಂತೆ ತಡೆಯುವುದು ಖಿನ್ನತೆ ಇಲಾಖೆಯಲ್ಲಿ ತಮ್ಮ ಕಸುಬು. ಅದಕ್ಕೆ ದೊಡ್ಡ ಪ್ರಮಾಣ ಬೇಕು. ನನಗೆ ಮಂಜೂರಾದ 50 ಮಿಲಿಗ್ರಾಂನಲ್ಲಿ ಆ ಕಸುಬು ಹೆಚ್ಚುಕಡಿಮೆ ನಡೆಯುವುದೇ ಇಲ್ಲ. ಅಲ್ಲಿ ನಡೆಯುವುದು ಬೇರೆ ವ್ಯವಹಾರ. ನಮ್ಮನ್ನು ಎಚ್ಚರವಾಗಿಡುವ ಹಿಸ್ಟಮಿನ್ನನ್ನು ಅದರ ಜಾಗದಲ್ಲಿ ಕೂರಲು ತಾವು ಬಿಡುವುದಿಲ್ಲ. ಸೆರೊಟೋನಿನ್ನಿನ ಒಂದು ಬಗೆಯ ಗ್ರಾಹಿಯನ್ನೂ ಹಾಗೆಯೇ ಮುಚ್ಚುತ್ತೀರಿ. ಜೊತೆಗೆ ರಕ್ತನಾಳಗಳನ್ನು ಬಿಗಿಯಾಗಿಡುವ ಆಲ್ಫಾ-1 ಗ್ರಾಹಿಗಳನ್ನೂ. ಈ ಕೊನೆಯದರ ಬಗ್ಗೆ ಮುಂದೆ ಒಂದು ದೊಡ್ಡ ಕೃತಜ್ಞತೆ ಬಾಕಿಯಿದೆ. ಸದ್ಯಕ್ಕೆ ಇಷ್ಟೇ: ತಮ್ಮ ಪಾಂಡಿತ್ಯ ಖಿನ್ನತೆಯವರಿಗೆ ಹೋಯಿತು, ತೂಕಡಿಕೆ ನನ್ನ ಪಾಲಿಗೆ ಬಂತು.

ರಾತ್ರಿ ಪಾಳಿ ತಮಗೆ ಹೇಗೆ ದೊರೆಯಿತು ಎನ್ನುವುದನ್ನೂ ಕೆದಕಿ ನೋಡಿದೆ, ಕ್ಷಮಿಸಬೇಕು. 1987ರ ಕೊನೆಯಲ್ಲಿ ಅಮೆರಿಕದಲ್ಲಿ ಹೊಸ ಮಾತ್ರೆ ಪ್ರೊಜಾಕ್‌ಗೆ ಅನುಮತಿ ಸಿಕ್ಕಿತು. ಖಿನ್ನತೆಗೆ ಎಲ್ಲರೂ ಅದರ ಹಿಂದೆ ಹೋದರು. ತಮ್ಮ ಹಗಲಿನ ಕುರ್ಚಿ ಅಲುಗಾಡಿತು. ಆದರೆ ಆ ಹೊಸಬರು ಕೆಲವರ ನಿದ್ರೆ ಕೆಡಿಸುತ್ತಿದ್ದರು; ಅವರು ಕೆಡಿಸಿದ್ದನ್ನು ಸರಿಮಾಡಲು ರಾತ್ರಿ ತಮ್ಮನ್ನು ಸಣ್ಣ ಪ್ರಮಾಣದಲ್ಲಿ ಸೇರಿಸುವ ರೂಢಿ ಬಂತು. ಅದೇ ಕಾಲಕ್ಕೆ ವೇಲಿಯಂ ವಂಶದ ನಿದ್ರೆ ಮಾತ್ರೆಗಳು ಚಟ ಹತ್ತಿಸುತ್ತವೆ ಎಂಬ ಗುಲ್ಲು. 1989ರಲ್ಲಿ ನ್ಯೂಯಾರ್ಕ್ ರಾಜ್ಯ ಅವನ್ನು ಬರೆಯಬೇಕಾದರೆ ಮೂರು ಪ್ರತಿಯ ಚೀಟಿ ಬೇಕೆಂದಿತು. ಮೂರು ಪ್ರತಿ ಬರೆಯುವ ಸಂಕಟ ಕಾರಕೂನರಿಗೆ ಗೊತ್ತು. ಡಾಕ್ಟರಿಗೂ ಅದೇ ಸಂಕಟ. 1987ರಿಂದ 1996ರೊಳಗೆ ಅಮೆರಿಕದಲ್ಲಿ ನಿದ್ರೆ ಮಾತ್ರೆ ಬರೆಯುವುದು ಅರ್ಧಕ್ಕಿಂತ ಕೆಳಗಿಳಿಯಿತು, ನಿದ್ರೆಗೆಂದು ಖಿನ್ನತೆಯ ಮಾತ್ರೆ ಬರೆಯುವುದು ದುಪ್ಪಟ್ಟನ್ನು ಮೀರಿತು. ಈ ಅವಧಿಯಲ್ಲಿ ತಾವು ನಿದ್ರೆ ತರಿಸುವುದರಲ್ಲಿ ಹೊಸದಾಗಿ ಏನು ಸಾಧಿಸಿದಿರಿ ಎಂದು ಹುಡುಕಿದೆ. ಕಡತದಲ್ಲಿ ಏನೂ ಸಿಗಲಿಲ್ಲ. ಬೇರೆಯವರು ಸಂಶಯಕ್ಕೊಳಗಾದರು, ತಾವು ಖಾಲಿ ಕುರ್ಚಿಯಲ್ಲಿ ಕೂತಿರಿ. ಇದೂ ಒಂದು ಯೋಗ್ಯತೆಯೇ. ನಮ್ಮಲ್ಲಿ ಇದರಿಂದಲೇ ತಹಸೀಲ್ದಾರರಾದವರುಂಟು.

ನಮ್ಮ ದೇಶದಲ್ಲೂ ತಮಗೆ ಅದೇ ರಾಜಮರ್ಯಾದೆ. 2014ರ ಮಾರ್ಚ್‌ನಿಂದ ಎಚ್‌1 ಎಂಬ ಅನುಸೂಚಿ ಜಾರಿಯಲ್ಲಿದೆ. ಆಲ್‌ಪ್ರಾಜೊಲಾಮ್, ಜೋಲ್ಪಿಡೆಮ್ ಮೊದಲಾದ ಮಂಪರು ತರಿಸುವ ಮಾತ್ರೆಗಳನ್ನು ಮಾರಿದರೆ ಮೆಡಿಕಲ್ ಶಾಪಿನವರು ಪ್ರತ್ಯೇಕ ರಿಜಿಸ್ಟರಿನಲ್ಲಿ ಚೀಟಿ ಬರೆದ ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟೆವು ಎನ್ನುವುದನ್ನೆಲ್ಲ ದಾಖಲಿಸಿ ಮೂರು ವರ್ಷ ಜೋಪಾನ ಮಾಡಬೇಕು. ಆ ಪಟ್ಟಿಯಲ್ಲಿ ತಮ್ಮ ಹೆಸರಿಲ್ಲ. ಚೀಟಿಯಿದ್ದರೆ ಸಾಕು, ಆ ಪ್ರತ್ಯೇಕ ರಿಜಿಸ್ಟರಿನ ಕಾಟವಿಲ್ಲ. ನಮ್ಮ ಬೀದಿಯ ಅಂಗಡಿಯಲ್ಲಂತೂ ಹಳೆಯ ಚೀಟಿಯ ಮಡಿಕೆ ಹರಿದು ನಾಲ್ಕು ಚೂರಾದ ಮೇಲೂ, ಅದರ ಒಂದು ಚೂರಿಗೇ ಸ್ಟ್ರಿಪ್ಪು ಕೈಗೆ ಬರುತ್ತದೆ. ಇಷ್ಟು ಸಲೀಸಾಗಿ ನನಗೆ ನನ್ನದೇ ಜಮೀನಿನ ನಕ್ಷೆ ಸಿಕ್ಕಿಲ್ಲ.

ಈಗ ನನ್ನ ಪ್ರಕರಣ. ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಟೋಕನ್ ಹಿಡಿದು ಕೂತು, ಸರದಿ ಬಂದಾಗ ಒಳಗೆ ಹೋಗಿ, “ನಿದ್ದೆ ಬರ್ತಾ ಇಲ್ಲ ಡಾಕ್ಟ್ರೇ” ಎಂದೆ.

“ಯಾವಾಗಿಂದ?”

“ರಿಟೈರ್ ಆದಾಗಿಂದ.”

ವಿಚಾರಣೆ ಅಲ್ಲಿಗೆ ಮುಕ್ತಾಯ. ಬಿಪಿ ನೋಡಿದರು, ಚೀಟಿ ಬರೆದರು. ತಮ್ಮ ಶುಭನಾಮದ ಮುಂದೆ 0-0-1. ಮಲಗಿದಾಗ ಗೊರಕೆ ಹೊಡೆಯುತ್ತೀರಾ, ಉಸಿರು ಕಟ್ಟಿದಂತಾಗಿ ಏಳುತ್ತೀರಾ, ಕಾಲು ಸೆಳೆಯುತ್ತದಾ, ಊಟವಾದ ಮೇಲೆ ಎಷ್ಟು ಹೊತ್ತು ಮಲಗುತ್ತೀರಿ, ಕೊನೆಯ ಕಾಫಿ ಎಷ್ಟು ಗಂಟೆಗೆ, ಥೈರಾಯಿಡ್ ನೋಡಿಸಿದ್ದೀರಾ, ಮನಸ್ಸಿಗೆ ಹೇಗಿದೆ, ಬೇರೆ ಯಾವ ಮಾತ್ರೆ ನುಂಗುತ್ತಿದ್ದೀರಿ, ಒಂದು ಪ್ರಶ್ನೆಯೂ ಇಲ್ಲ. ಒಬ್ಬ ರೈತನ ಪಹಣಿಯಲ್ಲಿ ಒಂದಕ್ಷರ ತಿದ್ದಬೇಕಾದರೂ ನಾವು ಸ್ಥಳ ತನಿಖೆ ಮಾಡಿಸುತ್ತಿದ್ದೆವು. ತಾವು ಯಾವ ಇಲಾಖೆಯಿಂದ ಬಂದವರೆಂದೂ ಡಾಕ್ಟರು ಹೇಳಲಿಲ್ಲ. “ನಿದ್ದೆಗೆ ಒಂದು ಸಣ್ಣ ಮಾತ್ರೆ” ಎಂದರು, ಅಷ್ಟೆ. ತಮ್ಮ ವಿನಯವೂ ಮೆಚ್ಚತಕ್ಕದ್ದೇ. ಇಷ್ಟೆಲ್ಲ ಬಿರುದುಬಾವಲಿ ಇದ್ದೂ ಗುರುತು ಹೇಳಿಕೊಳ್ಳದೆ ನನ್ನ ಮನೆ ಹೊಕ್ಕಿರಿ.

ಗುರುತು ಹೊರಬಿದ್ದದ್ದು ಬೆಂಗಳೂರಿನಲ್ಲಿರುವ ಮಗನಿಂದ. ಸ್ಟ್ರಿಪ್ಪಿನ ಫೋಟೋ ಕಳಿಸಿ, ಅಲ್ಲಿ ಕಡಿಮೆ ಬೆಲೆಗೆ ಸಿಗುವುದೋ ಕೇಳು ಎಂದಿದ್ದೆ. ಫೋನು ಬಂತು. “ಅಪ್ಪ, ಇದು ಡಿಪ್ರೆಶನ್ ಮಾತ್ರೆ. ಇಷ್ಟು ದಿನ ನಮಗ್ಯಾಕೆ ಹೇಳಲಿಲ್ಲ?” ಪಕ್ಕದಲ್ಲೇ ಇದ್ದ ನನ್ನ ಮನೆಯವಳ ಕಿವಿ ಚುರುಕು. ಅಂದು ರಾತ್ರಿ ಅಡುಗೆಮನೆಯ ಬಾಗಿಲಲ್ಲಿ ನಿಂತು, “ಇಷ್ಟು ವರ್ಷ ಸಂಸಾರ ಮಾಡಿದೀನಿ, ನಿಮ್ಮ ಮನಸ್ಸಿಗೆ ಬೇಜಾರಾಗೋ ಹಂಗೆ ನಾನೇನು ಮಾಡಿದೆ ಹೇಳಿ ರೀ” ಎಂದಳು. ಏನೂ ಇಲ್ಲ ಎಂದೆ. ಏನೂ ಇಲ್ಲ ಎನ್ನುವುದೇ ಆ ಕಾಯಿಲೆಯ ಲಕ್ಷಣ ಎಂದು ಮಗ ಆಗಲೇ ಅವಳಿಗೆ ವಿವರಿಸಿಯಾಗಿತ್ತು. ಮರುದಿನ ಹಯಗ್ರೀವ. ಅದರ ಮರುದಿನ ನಾದಿನಿ ಬಂದು ಪ್ರಾಣಾಯಾಮ ಹೇಳಿಕೊಟ್ಟಳು. ಯಾರೋ ಮಂತ್ರಿಸಿದ ನಿಂಬೆಹಣ್ಣು ತಂದು ದಿಂಬಿನ ಕೆಳಗಿಟ್ಟರು. ಅದು ಉರುಳಿ ಬೆನ್ನಿಗೆ ಒತ್ತಿ ಇದ್ದ ನಿದ್ರೆಯೂ ಹೋಯಿತು. ಖಿನ್ನತೆ ಬಂದರೆ ನಾಚಿಕೆಪಡಬೇಕಾದ್ದಿಲ್ಲ, ಬಂದಿದ್ದರೆ ನಾನೇ ಹೇಳುತ್ತಿದ್ದೆ. ಬಾರದ ಖಿನ್ನತೆಗೆ ಮನೆಮಂದಿಗೆಲ್ಲ ಸಮಜಾಯಿಷಿ ಕೊಡುವುದಿದೆಯಲ್ಲ, ಅದು ಸಾಕಾಗುತ್ತದೆ. ಆರೋಗ್ಯ ವಿಮೆಯ ಅರ್ಜಿಯಲ್ಲಿ ಮಾನಸಿಕ ಕಾಯಿಲೆಗೆ ಔಷಧ ಸೇವಿಸುತ್ತಿರುವಿರಾ ಎಂಬ ಕಾಲಂ ಬಂದಾಗ ಹೌದೆನ್ನಲೋ ಇಲ್ಲವೆನ್ನಲೋ ತಿಳಿಯದೆ ಪೆನ್ನು ಹಿಡಿದು ಕೂತವನು ನಾನು. ಸರ್ಕಾರದ ಸಕಲ ನಮೂನೆಗಳನ್ನೂ ತುಂಬಿದ ಕೈ ಅಲ್ಲಿ ನಿಂತುಹೋಯಿತು. ಈ ಅನುಭವಕ್ಕೂ ತಮಗೆ ಋಣಿ.

ಹಾಗೆಂದು ತಾವು ಕೆಲಸವನ್ನೇ ಮಾಡಲಿಲ್ಲ ಎಂದರೆ ನಾಲಿಗೆಗೆ ಹುಳ ಬಿದ್ದೀತು. ಮೊದಲ ವಾರ ಕಣ್ಣು ಎಳೆಯಿತು, ಮಲಗಿದೆ, ದೇವರಿಗೆ ತುಪ್ಪದ ದೀಪ ಹಚ್ಚಿಸಿದೆ. ಆಮೇಲಾಮೇಲೆ ಹಳೆಯ ಗಡಿಯಾರ, ಹಳೆಯ ಎರಡೂವರೆ. ಇದು ನನ್ನ ಹಣೆಬರಹ ಎಂದುಕೊಂಡಿದ್ದೆ. ಅಲ್ಲವಂತೆ, ತಮ್ಮ ಶೈಲಿಯೇ ಹಾಗಂತೆ. 1998ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಪ್ರಯೋಗದಲ್ಲಿ ನಿದ್ರೆ ಬಾರದವರನ್ನು ಮೂರು ಗುಂಪು ಮಾಡಿ ಒಂದಕ್ಕೆ ತಮ್ಮನ್ನು 50 ಮಿಲಿಗ್ರಾಂ, ಇನ್ನೊಂದಕ್ಕೆ ಜೋಲ್ಪಿಡೆಮ್, ಮತ್ತೊಂದಕ್ಕೆ ಔಷಧವಿಲ್ಲದ ಹುಸಿ ಮಾತ್ರೆ ಕೊಟ್ಟರು. ಮೊದಲ ವಾರ ತಾವು ಹುಸಿ ಮಾತ್ರೆಗಿಂತ ಮುಂದಿದ್ದಿರಿ. ಎರಡನೆಯ ವಾರ ತಮಗೂ ಅದಕ್ಕೂ ವ್ಯತ್ಯಾಸ ಕಾಣಲಿಲ್ಲ. ಪ್ರೊಬೇಷನ್ ಮುಗಿಯುವ ಮೊದಲೇ ಉತ್ಸಾಹ ಮುಗಿಸಿದ ನೌಕರರನ್ನು ನಾನು ಬಹಳ ನೋಡಿದ್ದೇನೆ. ಎರಡನೆಯ ವಾರಕ್ಕೇ ಮುಗಿಸಿದವರು ತಾವೊಬ್ಬರೇ.

ಆ ಪ್ರಯೋಗವನ್ನೇ ಮುಂದಿಟ್ಟುಕೊಂಡು 2017ರಲ್ಲಿ ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿ ಲೆಕ್ಕ ಹಾಕಿತು. ತಮ್ಮ ಕೃಪೆಯಿಂದ ನಿದ್ರೆ ಹತ್ತುವುದು ಸರಾಸರಿ ಸುಮಾರು 10 ನಿಮಿಷ ಬೇಗ, ಒಟ್ಟು ನಿದ್ರೆ ಸುಮಾರು 22 ನಿಮಿಷ ಹೆಚ್ಚು. ಆ 22 ನಿಮಿಷಕ್ಕೆ ತಾವು ತರುವ ಉಪದ್ರವಗಳನ್ನು ಎದುರಿಟ್ಟು ತೂಗಿ, ನಿದ್ರಾಹೀನತೆಗೆ ಟ್ರಾಜೊಡೋನ್ ಬಳಸದಿರುವುದು ಒಳ್ಳೆಯದು ಎಂದು ಶಿಫಾರಸು ಮಾಡಿತು. ನ್ಯಾಯವಾಗಿ ಹೇಳಬೇಕೆಂದರೆ ಅದು ದುರ್ಬಲ ಶಿಫಾರಸು ಎಂದೂ ಅವರೇ ಬರೆದಿದ್ದಾರೆ, ಪುರಾವೆಯೇ ತೆಳು. ಅಂದರೆ ತಮ್ಮ ಪರವಾಗಿಯೂ ಬಲವಾದ ಸಾಕ್ಷಿಯಿಲ್ಲ, ವಿರುದ್ಧವಾಗಿಯೂ ಇಲ್ಲ. ಇಂಥ ಕಡತಗಳು ಕಚೇರಿಯಲ್ಲಿ ದೀರ್ಘಾಯುಷಿಗಳು.

ತಮ್ಮ ಬಂಧುಬಳಗದ ಕುಶಲವನ್ನೂ ವಿಚಾರಿಸದಿದ್ದರೆ ತಪ್ಪಾದೀತು. 2018ರಲ್ಲಿ ಕಾಕ್ರೇನ್ ಸಂಸ್ಥೆಯವರು ವಯಸ್ಕರ ನಿದ್ರಾಹೀನತೆಗೆ ಖಿನ್ನತೆ ಔಷಧ ಕೊಟ್ಟ 23 ಪ್ರಯೋಗಗಳನ್ನು, ಒಟ್ಟು 2,806 ಜನರ ಲೆಕ್ಕವನ್ನು ಒಟ್ಟುಹಾಕಿ ಪರಿಶೀಲಿಸಿದರು. ತಮ್ಮಿಂದಲೂ ಡಾಕ್ಸೆಪಿನ್ ಅವರಿಂದಲೂ ಅಲ್ಪಾವಧಿಯಲ್ಲಿ ಅಲ್ಪ ಪ್ರಯೋಜನ ಎಂದರು. ತಮ್ಮಿಬ್ಬರಿಗಿಂತ ಹಿರಿಯರೂ ನಮ್ಮೂರ ಚೀಟಿಗಳಲ್ಲಿ 10 ಮಿಲಿಗ್ರಾಂ ರೂಪದಲ್ಲಿ ನಿತ್ಯ ಕಾಣುವವರೂ ಆದ ಅಮಿಟ್ರಿಪ್ಟಿಲಿನ್ ಅವರ ಹೆಸರಿನಲ್ಲಿ ಪರಿಗಣಿಸಲು ಯೋಗ್ಯವಾದ ಒಂದು ಪ್ರಯೋಗವೂ ಅವರಿಗೆ ದೊರೆಯಲಿಲ್ಲ. ಇಷ್ಟು ಕಾಲ ಇಷ್ಟು ಬಾಯಿಗೆ ಬಿದ್ದವರ ಅರ್ಹತಾ ಪತ್ರವನ್ನು ಯಾರೂ ಕೇಳಿಯೇ ಇರಲಿಲ್ಲ! ವಯಸ್ಸಾದವರಿಗೆ ಅವರನ್ನು ಕೊಡದಿರುವುದೇ ಲೇಸು ಎಂದು ಅಮೆರಿಕದ ವೃದ್ಧರ ಆರೋಗ್ಯ ತಜ್ಞರ ಸಂಘದ ಬಿಯರ್ಸ್ ಪಟ್ಟಿ ಬೇರೆ ಹೇಳುತ್ತದೆ. ಡಾಕ್ಸೆಪಿನ್ ಒಬ್ಬರೇ 2010ರಲ್ಲಿ ಎಫ್‌ಡಿಎಗೆ ಅರ್ಜಿ ಹಾಕಿ, 3 ಮತ್ತು 6 ಮಿಲಿಗ್ರಾಂಗೆ, ನಡುರಾತ್ರಿ ಎಚ್ಚರವಾಗುವ ತೊಂದರೆಗೆ ಎಂದು ಕ್ರಮಬದ್ಧ ಆದೇಶ ಪಡೆದವರು. ಮಿರ್ಟಾಜಪಿನ್ ಅವರದ್ದು ವಿಚಿತ್ರ ಸ್ವಭಾವ: ಪ್ರಮಾಣ ಕಡಿಮೆಯಾದಷ್ಟೂ ಮಂಪರು ಹೆಚ್ಚು ಎನ್ನುತ್ತಾರೆ. ಜೊತೆಗೆ ಹಸಿವು. ಅವರನ್ನು ನಂಬಿದ ನನ್ನ ಬಾಮೈದ ರಾತ್ರಿ ಎದ್ದು ಚಕ್ಕುಲಿ ಡಬ್ಬಿ ಬರಿದು ಮಾಡಿ ಮತ್ತೆ ಮಲಗುತ್ತಾನೆ. ನಿದ್ರೆ ಬಂತೋ ಎಂದರೆ ಬಂತು ಎನ್ನುತ್ತಾನೆ. ಪ್ಯಾಂಟುಗಳನ್ನೆಲ್ಲ ಅಳಿಯನಿಗೆ ಕೊಟ್ಟುಬಿಟ್ಟಿದ್ದಾನೆ.

ಈಗ ಆಗಲೇ ಬಾಕಿಯಿಟ್ಟ ಕೃತಜ್ಞತೆ. ನನ್ನ ವಯಸ್ಸಿನವರಿಗೆ ರಾತ್ರಿ ಬಚ್ಚಲಿಗೆ ಏಳದೆ ವಿಧಿಯಿಲ್ಲ. ಮಲಗಿದವನು ಎದ್ದು ನಿಂತಾಗ ರಕ್ತವೆಲ್ಲ ಕಾಲಿಗೆ ಇಳಿಯುತ್ತದೆ. ತಕ್ಷಣ ರಕ್ತನಾಳಗಳು ಬಿಗಿದುಕೊಂಡು ಅದನ್ನು ತಲೆಗೆ ಕಳಿಸಬೇಕು. ಆ ಬಿಗಿಯುವ ಆಜ್ಞೆ ತಲುಪದಂತೆ ಆಲ್ಫಾ-1 ಗ್ರಾಹಿಗಳನ್ನು ತಾವು ಮುಚ್ಚಿರುತ್ತೀರಿ. ನಾನು ನಿಲ್ಲುತ್ತೇನೆ, ಬಿಪಿ ಕೂರುತ್ತದೆ. ಕಣ್ಣು ಕತ್ತಲೆ, ಗೋಡೆ ಎಲ್ಲಿ, ಸ್ವಿಚ್ಚು ಎಲ್ಲಿ. ಮೊದಲೇ ನಾನು ಬಿಪಿಗೆ ಆಮ್ಲೊಡಿಪಿನ್ ನುಂಗುವವನು. ಪ್ರಾಸ್ಟೇಟಿಗೆಂದು ಇನ್ನೊಬ್ಬ ಡಾಕ್ಟರು ಕೊಟ್ಟ ಟ್ಯಾಮ್ಸುಲೋಸಿನ್ ಕೂಡ ಅದೇ ಆಲ್ಫಾ-1 ಜಾಗದಲ್ಲಿ ಕೆಲಸ ಮಾಡುವ ಔಷಧವಂತೆ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಮೂವರೂ ನನ್ನ ಹೊಟ್ಟೆಯಲ್ಲೇ ಮೊದಲ ಬಾರಿ ಭೇಟಿಯಾಗಿ ಜಂಟಿ ಕಾರ್ಯಾಚರಣೆ ನಡೆಸಿದರು. ಒಂದು ರಾತ್ರಿ ಬಚ್ಚಲ ಹೊಸ್ತಿಲಲ್ಲಿ ಕುಸಿದು ಕೂತೆ. ಮೂಳೆ ಮುರಿಯಲಿಲ್ಲ, ತಾಮ್ರದ ಚೊಂಬು ಸೊಟ್ಟಗಾಯಿತು. ಸದ್ದಿಗೆ ಬೀದಿನಾಯಿಗಳೆಲ್ಲ ಎದ್ದವು. ಆ ರಾತ್ರಿ ತಮ್ಮ ದಯೆಯಿಂದ ಇಡೀ ಬೀದಿಗೆ ಜಾಗರಣೆಯಾಯಿತು. ಅಂದಿನಿಂದ ಎದ್ದ ಕೂಡಲೇ ನಿಲ್ಲದೆ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಸ್ವಲ್ಪ ಹೊತ್ತು ಕೂತು, ಆಮೇಲೆ ಗೋಡೆ ಹಿಡಿದು ನಿಲ್ಲುತ್ತೇನೆ. ಈ ಬುದ್ಧಿಯನ್ನು ಚೀಟಿಯ ಜೊತೆಗೇ ಒಂದು ಮಾತಿನಲ್ಲಿ ಹೇಳಬಹುದಿತ್ತು. ತಾವು ಪ್ರಾತ್ಯಕ್ಷಿಕೆಯ ಮೂಲಕ ಕಲಿಸಿದಿರಿ.

ಬೆಳಗಿನ ಸೌಭಾಗ್ಯ ಬೇರೆಯೇ. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿರುತ್ತದೆ. ರಾತ್ರಿ ನುಂಗಿದ್ದರಲ್ಲಿ ಅರ್ಧ ಮೈಯಿಂದ ಹೋಗಲು ಐದರಿಂದ ಒಂಬತ್ತು ಗಂಟೆ ಬೇಕಂತೆ. ವಯಸ್ಸಾದವರಲ್ಲಿ ಇನ್ನೂ ನಿಧಾನ. ಮಿಕ್ಕ ಅರ್ಧ ನನ್ನ ಜೊತೆ ಫಿಲ್ಟರ್ ಕಾಫಿ ಕುಡಿದು, ಪೇಪರು ಓದಲು ಕೂರುತ್ತದೆ. ಸಂಪಾದಕೀಯದ ಒಂದೇ ಸಾಲನ್ನು ಮೂರು ಸಲ ಓದುತ್ತೇನೆ. ಆ ಸಾಲಿನದೂ ತಪ್ಪಿರಬಹುದು ಎಂದು ಬಿಟ್ಟುಬಿಡುತ್ತೇನೆ. ಸ್ಕೂಟರಿನ ಕೀಲಿಯನ್ನು ಮಾತ್ರ ಮನೆಯವಳು ಮಧ್ಯಾಹ್ನದವರೆಗೆ ತನ್ನ ಸೆರಗಿಗೆ ಕಟ್ಟಿಕೊಂಡಿರುತ್ತಾಳೆ. ಸರಿಯಾಗಿಯೇ ಮಾಡುತ್ತಾಳೆ.

ಇನ್ನೊಂದು ಸಂಗತಿಯನ್ನು ಮರ್ಯಾದಸ್ಥರ ನಡುವೆ ಎತ್ತುವುದು ಮುಜುಗರ. ತೀರ ಅಪರೂಪಕ್ಕೆ ಗಂಡಸರಲ್ಲಿ, ಯಾವ ಆಸೆಯೂ ಇಲ್ಲದೆ, ಒಂದು ಅಂಗವು ಗಂಟೆಗಟ್ಟಲೆ ಸೆಟೆದು ನಿಂತು ಇಳಿಯದೆ ನೋಯುವ ಸ್ಥಿತಿಯನ್ನು ತಾವು ತರುವುದುಂಟಂತೆ. ನಾಲ್ಕು ಗಂಟೆ ಮೀರಿದರೆ ನಾಚಿಕೆ ಬಿಟ್ಟು ಆಸ್ಪತ್ರೆಗೆ ಓಡಬೇಕು, ಇಲ್ಲದಿದ್ದರೆ ಶಾಶ್ವತ ಹಾನಿ. ನನಗೆ ಆ ಭಾಗ್ಯ ಒದಗಲಿಲ್ಲ. ಒದಗಿದ್ದರೆ ಯಾವ ನಮೂನೆಯಲ್ಲಿ ಯಾರಿಗೆ ವರದಿ ಮಾಡಬೇಕಿತ್ತೋ ಎಂದು ಈಗಲೂ ಬೆವರುತ್ತೇನೆ. ಚೀಟಿ ಕೊಟ್ಟವರು ಇದನ್ನು ಹೇಳದೆ ಬಿಟ್ಟದ್ದು ಸಭ್ಯತೆಯಿಂದ ಎಂದೇ ಭಾವಿಸಿದ್ದೇನೆ.

ಆದರೆ ಮಾನ್ಯರೇ, ಇವೆಲ್ಲವನ್ನೂ ಸಹಿಸಿಕೊಂಡೇನು. ಸಹಿಸಲಾಗದ್ದು ತಮ್ಮ ನೇಮಕಾತಿಗೆ ಕೊನೆಯ ದಿನಾಂಕವೇ ಇಲ್ಲದಿರುವುದು. ಡೆಪ್ಯುಟೇಶನ್ನಿಗೆ ಅವಧಿಯೆಂಬುದು ಇರುತ್ತದೆ. ಅವಧಿ ಮುಗಿದರೆ ಮಾತೃ ಇಲಾಖೆಗೆ ವಾಪಸು, ಇಲ್ಲವೇ ಕಾರಣ ಬರೆದು ವಿಸ್ತರಣೆ. ತಮ್ಮದು “ಮುಂದಿನ ಆದೇಶದವರೆಗೆ”. ಆ ಮುಂದಿನ ಆದೇಶ ಹೊರಡಿಸುವವರು ಯಾರು? ಬರೆದವರು ಮರೆತರು, ಮಾರುವವರಿಗೆ ಅವಸರವಿಲ್ಲ, ನುಂಗುವವನಿಗೆ ಧೈರ್ಯವಿಲ್ಲ. ನಿದ್ರೆಗೆಂದು ತಮ್ಮ ಮೇಲೆ ನಡೆದ ಪ್ರಯೋಗಗಳು ಬಹುಪಾಲು ಕೆಲವು ವಾರಗಳವು, ಸೇವೆ ಮಾತ್ರ ವರ್ಷಾನುಗಟ್ಟಲೆಯದು. ನಾನಾಗಿಯೇ ಒಂದು ರಾತ್ರಿ ಬಿಟ್ಟುನೋಡಿದಾಗ ಬೆಳತನಕ ಕಣ್ಣು ಮುಚ್ಚಲಿಲ್ಲ, ಎದೆ ಡವಡವ. ನೋಡಿದಿರಾ, ಅವರಿಲ್ಲದಿದ್ದರೆ ಆಗುವುದಿಲ್ಲ ಎಂದು ಎಲ್ಲರೂ ಅಂದರು. ತಮ್ಮನ್ನು ಥಟ್ಟನೆ ನಿಲ್ಲಿಸಿದರೆ ಹಾಗೆ ಆಗುವುದುಂಟು ಎಂದು ಹೇಳುವವರು ಆಗ ಯಾರೂ ಇರಲಿಲ್ಲ.

ಹೇಳಿದವರು ಸಿಕ್ಕಿದ್ದು ತಾಲ್ಲೂಕು ಆಸ್ಪತ್ರೆಯಲ್ಲಿ, ಮನೋಚೈತನ್ಯ ಎಂಬ ಹೆಸರಿನಲ್ಲಿ ಮಂಗಳವಾರ ನಡೆಯುವ ಕ್ಲಿನಿಕ್ಕಿನಲ್ಲಿ. ಮನೋವೈದ್ಯರು ವಯಸ್ಸಿನಲ್ಲಿ ನನ್ನ ಮಗನಿಗಿಂತ ಚಿಕ್ಕವರು. ಹೊರಗೆ ಸಾಲು ಬಾಗಿಲು ದಾಟಿ ಬೇವಿನ ಮರದವರೆಗೆ. ಆದರೂ ಅವರು ಆ ಎಲ್ಲ ಪ್ರಶ್ನೆಗಳನ್ನೂ ಕೇಳಿದರು, ಗೊರಕೆಯಿಂದ ಹಿಡಿದು ಕಾಫಿಯವರೆಗೆ. ನಿಮಗೆ ಖಿನ್ನತೆಯಿಲ್ಲ ಎಂದರು. (ಇದನ್ನು ಬರೆದುಕೊಡಿ ಎಂದು ಕೇಳಿ ಮನೆಗೆ ತಂದೆ.) ದೀರ್ಘಕಾಲದ ನಿದ್ರಾಹೀನತೆಗೆ ಮೊದಲು ಕೊಡಬೇಕಾದ್ದು ಮಾತ್ರೆಯಲ್ಲ, ಯೋಚನೆ, ನಡವಳಿಕೆಗಳನ್ನು ತಿದ್ದುವ ಸಿಬಿಟಿ ಎಂಬ ಚಿಕಿತ್ಸೆ ಎಂದರು, ಅಮೆರಿಕದ ವೈದ್ಯರ ಕಾಲೇಜು 2016ರಲ್ಲಿ ಎಲ್ಲ ವಯಸ್ಕರಿಗೂ ಇದನ್ನೇ ಮೊದಲ ಚಿಕಿತ್ಸೆಯೆಂದು ಹೇಳಿದೆಯಂತೆ. ಅಂದರೆ ತಾವು ಪ್ರಭಾರದಲ್ಲಿ ಕೂತಿರುವ ಕುರ್ಚಿಗೆ ಅರ್ಹ ಅಧಿಕಾರಿ ಬೇರೆ ಇದ್ದಾರೆ. ಅವರಿಗೆ ಪೋಸ್ಟಿಂಗ್ ಕೊಟ್ಟಿಲ್ಲ, ಅಷ್ಟೆ.

ಆ ಅಧಿಕಾರಿ ತಮ್ಮಷ್ಟು ಮೃದುವಲ್ಲ ಎನ್ನುವುದನ್ನೂ ದಾಖಲಿಸುತ್ತೇನೆ. ಮೊದಲು ಒಂದು ನಿದ್ರೆ ಡೈರಿ: ಮಲಗಿದ್ದು ಎಷ್ಟಕ್ಕೆ, ನಿದ್ರೆ ಹತ್ತಿದ್ದು ಎಷ್ಟಕ್ಕೆ, ಎದ್ದದ್ದು ಎಷ್ಟು ಸಲ, ಬೆಳಿಗ್ಗೆ ಹಾಸಿಗೆ ಬಿಟ್ಟದ್ದು ಯಾವಾಗ. ರಿಜಿಸ್ಟರು ಎಂದ ಕೂಡಲೇ ನನಗೆ ಹೋದ ಪ್ರಾಣ ಬಂದಂತಾಯಿತು. ಕೆಂಪು ಶಾಯಿಯಲ್ಲಿ ಗೆರೆ ಎಳೆದು ಷರಾ ಕಾಲಮ್ಮನ್ನೂ ಸೇರಿಸಿದೆ. ಲೆಕ್ಕ ತೆಗೆದಾಗ ಒಂಬತ್ತು ಗಂಟೆ ಹಾಸಿಗೆಯಲ್ಲಿದ್ದು ಐದೂವರೆ ಗಂಟೆ ಮಾತ್ರ ನಿದ್ರಿಸುತ್ತಿದ್ದೇನೆ ಎಂದು ಗೊತ್ತಾಯಿತು. ಹಾಗಾದರೆ ಇನ್ನು ಹಾಸಿಗೆಯೂ ಐದೂವರೆ ಗಂಟೆ ಮಾತ್ರ ಎಂದರು! ಬೆಳಿಗ್ಗೆ ಏಳುವ ಹೊತ್ತು ಕಟ್ಟುನಿಟ್ಟು, ಹಗಲು ಮಲಗುವಂತಿಲ್ಲ, ಇಪ್ಪತ್ತು ನಿಮಿಷದಲ್ಲಿ ನಿದ್ರೆ ಬಾರದಿದ್ದರೆ ಎದ್ದು ಹೊರಗೆ ಹೋಗಿ ಕೂರಬೇಕು, ಕಣ್ಣೆಳೆದಾಗ ಮಾತ್ರ ವಾಪಸು. ಹಾಸಿಗೆಯಲ್ಲಿ ಇದ್ದ ಹೊತ್ತಿನ ನೂರಕ್ಕೆ ಎಂಬತ್ತೈದು ಪಾಲು ನಿದ್ರೆಯಾದರೆ ಹದಿನೈದು ನಿಮಿಷ ಹೆಚ್ಚುವರಿ ಮಂಜೂರು. ಮೊದಲ ಎರಡು ವಾರ ಸಿಕ್ಕಸಿಕ್ಕವರ ಮೇಲೆ ರೇಗಿದೆ. ತಾವೊಬ್ಬರೇ ಇದ್ದ ಕಾಲವೇ ಚೆನ್ನಾಗಿತ್ತು ಎನಿಸಿದ್ದು ಸುಳ್ಳಲ್ಲ. ತಾವು ನನ್ನಿಂದ ಒಂದು ಗುಟುಕು ನೀರಿನ ಹೊರತು ಏನನ್ನೂ ಬಯಸಿದವರಲ್ಲ. ಮೂರನೆಯ ವಾರದಿಂದ ನಿದ್ರೆ ತಾನಾಗಿ, ಸುಳಿವೇ ಕೊಡದೆ, ಹಳೆಯ ಕಡತದ ದಿನಗಳ ಹಾಗೆ ಬರತೊಡಗಿತು. ದಿನವೂ ಅಲ್ಲ. ಹೆಚ್ಚಿನ ದಿನ.

ಇಷ್ಟು ಸಾದಾ ಚಿಕಿತ್ಸೆ ಊರೂರಿಗೆ ಯಾಕಿಲ್ಲ ಎಂದು ಆ ಡಾಕ್ಟರನ್ನು ಕೇಳಿದೆ. ಇದನ್ನು ಕಲಿಸಲು ಆರೆಂಟು ಸಲ ರೋಗಿಯ ಎದುರು ಕೂರಬೇಕು, ಕೂರುವವರು ಬೇಕು ಎಂದು ಬಾಗಿಲ ಕಡೆ ನೋಡಿದರು. ನಿಮ್ಹಾನ್ಸ್ ನಮ್ಮ ಬೆಂಗಳೂರಿನಲ್ಲೇ ಇದೆ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಅವರೇ 1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲಿ ಮಾಡಿತೋರಿಸಿದ ಕೆಲಸ. ಅಂಥ ರಾಜ್ಯದ ತಾಲ್ಲೂಕೊಂದರಲ್ಲಿ ವಾರಕ್ಕೊಂದು ಮಂಗಳವಾರ, ಒಬ್ಬ ಡಾಕ್ಟರು, ಬೇವಿನ ಮರದವರೆಗೆ ಸಾಲು. ತಮ್ಮನ್ನು ಬರೆಯಲು ಅರ್ಧ ನಿಮಿಷ ಸಾಕು. ಮಾನ್ಯರೇ, ತಮ್ಮ ನಿಜವಾದ ಅರ್ಹತೆ ಹಿಸ್ಟಮಿನ್ನೂ ಅಲ್ಲ, ಸೆರೊಟೋನಿನ್ನೂ ಅಲ್ಲ, ಆ ಅರ್ಧ ನಿಮಿಷ. ನನ್ನ ತಕರಾರು ಅಸಲಿಗೆ ತಮ್ಮ ಮೇಲಲ್ಲ. ಅದನ್ನು ಯಾರ ಮೇಲೆ ಹೊರಿಸಬೇಕೋ ಅವರು ವಿಳಾಸ ಇಟ್ಟುಕೊಂಡಿಲ್ಲವಾದ್ದರಿಂದ ಪತ್ರ ತಮ್ಮ ಹೆಸರಿಗೆ ಬರೆದಿದ್ದೇನೆ.

ಕಾರಣ, ತಮ್ಮಲ್ಲಿ ಪ್ರಾರ್ಥನೆ. ಯಾರಿಗೆ ಖಿನ್ನತೆಯೂ ಇದ್ದು ನಿದ್ರೆಯೂ ಕೆಟ್ಟಿದೆಯೋ, ಅಂಥವರ ಮನೆಗೆ ತಾವು ಸಕಲ ಬಿರುದುಗಳೊಂದಿಗೆ ದಯಮಾಡಿಸಬೇಕು. ಅಲ್ಲಿ ತಮ್ಮ ಎರಡು ಗುಣಗಳೂ ಸದುಪಯೋಗವಾಗುತ್ತವೆ. ಆಲ್‌ಪ್ರಾಜೊಲಾಮ್‌ನ ಚಟಕ್ಕೆ ಸಿಕ್ಕಿದವರಿಗೆ ಡಾಕ್ಟರು ಯೋಚಿಸಿ ತಮ್ಮನ್ನು ಕೊಟ್ಟರೆ ಅದಕ್ಕೂ ನನ್ನ ಆಕ್ಷೇಪಣೆಯಿಲ್ಲ. ಆದರೆ ಹೋದಲ್ಲೆಲ್ಲ ಬಾಗಿಲಲ್ಲೇ ಗುರುತು ಹೇಳಿಕೊಳ್ಳಬೇಕು: ನಾನು ಖಿನ್ನತೆಯ ಮಾತ್ರೆ, ನಿದ್ರೆಗೆ ಎರವಲು ಬಂದಿದ್ದೇನೆ, ಇಷ್ಟು ವಾರ ಇದ್ದು ಹೋಗುತ್ತೇನೆ, ರಾತ್ರಿ ಏಳುವಾಗ ಗೋಡೆ ಹಿಡಿದು ಏಳಿ ಎಂದು. ತಾವು ಮಾತಾಡಲಾರಿರಿ ಎಂಬುದು ನನಗೆ ತಿಳಿದಿದೆ. ತಮ್ಮ ಪರವಾಗಿ ಚೀಟಿ ಬರೆಯುವವರು ಆಡಲಿ.

ಆ ಡಾಕ್ಟರ ಆದೇಶದ ಮೇರೆಗೆ ಕಳೆದ ಮಂಗಳವಾರದಿಂದ ತಮ್ಮನ್ನು 50ರಿಂದ 25 ಮಿಲಿಗ್ರಾಂಗೆ ಇಳಿಸಲಾಗಿದೆ. ಇದನ್ನು ಹಿಂಬಡ್ತಿ ಎಂದು ಭಾವಿಸದೆ, ಮಾತೃ ಇಲಾಖೆಗೆ ಗೌರವಯುತವಾಗಿ ಮರಳುವ ಮೊದಲ ಹೆಜ್ಜೆ ಎಂದು ತಿಳಿಯಬೇಕಾಗಿ ವಿನಂತಿ.

ತಮ್ಮ ವಿಧೇಯ,
ನಿವೃತ್ತ ಶಿರಸ್ತೇದಾರ

ಪ್ರತಿ, ಅವಗಾಹನೆಗಾಗಿ:
1. ಸ್ಕೂಟರಿನ ಕೀಲಿಯನ್ನು ಹಿಂದಿರುಗಿಸುವ ಕೋರಿಕೆಯೊಂದಿಗೆ, ನನ್ನ ಮನೆಯವಳಿಗೆ.
2. ಸ್ಟೂಲಿನ ಮೇಲೆ ಇದೇ ಮಾತ್ರೆ ಇಟ್ಟುಕೊಂಡಿರುವ ಓದುಗರಿಗೆ. ಈ ಪತ್ರ ಓದಿ ಯಾರೂ ಇಂದು ರಾತ್ರಿಯೇ ಮಾತ್ರೆ ಬಿಡತಕ್ಕದ್ದಲ್ಲ. ನುಂಗುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್ಪುಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಡಾಕ್ಟರ ಬಳಿ ಹೋಗಿ, ಇದು ಯಾವುದಕ್ಕೆ, ಎಲ್ಲಿಯವರೆಗೆ ಎಂದು ಕೇಳಿ. ಮನಸ್ಸು ನಿಜವಾಗಿಯೂ ಭಾರವಾಗಿದ್ದರೆ, ಆಸ್ಪತ್ರೆ ದೂರವಿದ್ದರೆ, ಸರ್ಕಾರದ ಟೆಲಿ-ಮಾನಸ್ ದೂರವಾಣಿ 14416. ಕನ್ನಡದಲ್ಲೂ ಮಾತಾಡುತ್ತಾರೆ, ರಾತ್ರಿಯೂ ಎತ್ತುತ್ತಾರೆ.